ಮೂಲೆ ಹರಿದ ಹಾಳೆಗಳು

ನಮ್ಮ ಶಾಲೆಯಲ್ಲಿ ದಯೆಯನ್ನು ವೇಳಾಪಟ್ಟಿಗೆ ಸೇರಿಸಿದರು. ಶನಿವಾರ, ಪಿ.ಟಿ. ಮುಗಿದ ಮೇಲಿನ ಪೀರಿಯಡ್ಡು. ನಮ್ಮ ಮುಖ್ಯೋಪಾಧ್ಯಾಯಿನಿ ಯಾವುದೋ ತರಬೇತಿಗೆ ಹೋಗಿದ್ದರು. ಬರುವಾಗ ಒಂದು ಬಣ್ಣದ ಫೈಲು, ಒಂದು ನೀರಿನ ಬಾಟಲಿ ಮತ್ತು ಈ ವಿಚಾರವನ್ನು ತಂದರು. ಮಕ್ಕಳು ಒಬ್ಬರಿಗೊಬ್ಬರು ಪತ್ರ ಬರೆಯಬೇಕು, ಬರೆಯುತ್ತ ಬರೆಯುತ್ತ ಮನಸ್ಸು ಮೆತ್ತಗಾಗಬೇಕು, ಮೆತ್ತಗಾದದ್ದರ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಸ್ಟಾಫ್ ರೂಮಿನಲ್ಲಿ ನನಗೆ ಬಾಯಿ ಮುಚ್ಚಿಕೊಂಡು ಕೂಡಲಾಗಲಿಲ್ಲ. "ದಯಾ ಅಂದ್ರೇನ್ ಮಗ್ಗಿ ಏನ್ರಿ, ಬಾಯಿಪಾಠ ಮಾಡ್ಸಾಕ?" ಎಂದೆ. ಯಾರೂ ನಗಲಿಲ್ಲ. ನಾಲ್ಕನೆಯ ತರಗತಿ ನನ್ನದು, ಕನ್ನಡವೂ ನನ್ನದು, ಹಾಗಾಗಿ ಪತ್ರಗಳು ನನ್ನ ತಲೆಗೇ ಬಂದವು.

ಮಾಳಮಡ್ಡಿಯ ಹಳೆಯ ಕನ್ನಡ ಶಾಲೆ ನಮ್ಮದು. ಒಂದು ಕಾಲಕ್ಕೆ ಇಲ್ಲಿ ವಕೀಲರ, ಪ್ರೊಫೆಸರರ ಮಕ್ಕಳು ಕಲಿತರಂತೆ. ಅವರ ಮೊಮ್ಮಕ್ಕಳನ್ನು ಈಗ ಹಳದಿ ಬಸ್ಸುಗಳು ಬಂದು ಬೇರೆ ಶಾಲೆಗಳಿಗೆ ಎತ್ತಿಕೊಂಡು ಹೋಗುತ್ತವೆ. ನಮ್ಮಲ್ಲಿ ಉಳಿದವರು ಗ್ಯಾರೇಜಿನವರ, ಟೇಲರುಗಳ, ಕಿರಾಣಿ ಅಂಗಡಿಯವರ ಮಕ್ಕಳು, ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಶಿಫ್ಟಿಗೆ ಹೋಗುವವರ ಮಕ್ಕಳು. ಒಳ್ಳೆಯ ಮಕ್ಕಳು. ನಡೆದದ್ದೆಲ್ಲ ನಡೆದ ಮೇಲೂ ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಆ ವರ್ಷ ದೀಪಾವಳಿ ರಜೆ ಮುಗಿದ ಮೇಲೆ ಒಬ್ಬ ಹುಡುಗಿ ಹೊಸದಾಗಿ ಸೇರಿದಳು. ಅಪ್ಪನಿಗೆ ಬೇಲೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಅದಕ್ಕೇ ಹಳ್ಳಿ ಬಿಟ್ಟು ಬಂದಿದ್ದರು. ರೈಲು ಹಳಿಯ ಹತ್ತಿರ ಎರಡು ಖೋಲಿಯ ಬಾಡಿಗೆ ಮನೆ. ಅಪ್ಪ, ಅವ್ವ, ಈಕೆ, ಜೊತೆಗೆ ಅಪ್ಪನ ತಾಯಿ, ಈಕೆಯ ಆಯಿ. ಹುಡುಗಿಯ ತುಟಿಯ ಒಂದು ಬದಿಗೆ, ಬಲಗೈಯ ಬೆರಳುಗಳ ಮೇಲೆ ಬಿಳಿ ಕಲೆಗಳಿದ್ದವು. ತೊನ್ನು. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೇ ಅಲ್ಲ ಅದು. ಬಣ್ಣ ಹೋದ ಚರ್ಮ, ಅಷ್ಟೆ.

ನಮ್ಮ ಕಡೆ 'ಹತ್ತಿತು' ಎಂಬ ಒಂದು ಶಬ್ದ ಎಷ್ಟು ಕೆಲಸ ಮಾಡುತ್ತದೋ! ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಹೊಸ ಮನೆಯ ನೀರು ಮೈಗೆ ಹತ್ತುತ್ತದೆ. ರೋಗವೂ ಹತ್ತುತ್ತದೆ. ಆಕೆ ಬಂದ ಕೆಲವೇ ದಿನಗಳಲ್ಲಿ ನನ್ನ ಮಕ್ಕಳು ಒಂದು ಆಟ ಹುಟ್ಟಿಸಿದ್ದರು. ಆಕೆ ಮುಟ್ಟಿದ ಡೆಸ್ಕೋ ಚಾಕ್‌ಪೀಸೋ ಯಾರದಾದರೂ ಕೈಗೆ ತಗುಲಿದರೆ, ಅವರು ಓಡಿ ಹೋಗಿ ಇನ್ನೊಬ್ಬರನ್ನು ಮುಟ್ಟಿ, "ಹತ್ತಿತು!" ಎಂದು ಕೂಗಬೇಕು. ಮುಟ್ಟಿಸಿಕೊಂಡವರು ಕೈಯನ್ನು ಅಂಗಿಗೋ ಲಂಗಕ್ಕೋ ಗಸಗಸ ಒರೆಸಿಕೊಂಡು ಮತ್ತೊಬ್ಬರ ಬೆನ್ನು ಹತ್ತಬೇಕು. ಎಲ್ಲರೂ ನಗುತ್ತಿದ್ದರು. ಮೊದಲ ದಿನ ಆಕೆಯೂ ನಕ್ಕಳು, ತನ್ನನ್ನೂ ಆಟಕ್ಕೆ ಸೇರಿಸಿಕೊಂಡಿದ್ದಾರೆ ಎಂದುಕೊಂಡು. ಆ ನಗುವನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆಟ ಕಟ್ಟಿದವಳು ನಮ್ಮ ಮಾನಿಟರು. ಔಷಧ ಅಂಗಡಿಯವರ ಮಗಳು, ಚುರುಕು, ಮುತ್ತಿನಂಥ ಅಕ್ಷರ. ಔಷಧ ಮಾರುವವರ ಮನೆಯಿಂದಲೇ ಬರಬೇಕೆ ಇದು ಎಂದು ನನಗೆ ಮೈ ಉರಿಯಿತು. ಬೈದೆ. ತಿಳಿಸಿ ಹೇಳಿದೆ. ಎಲ್ಲರೆದುರು ಆ ಹೊಸ ಹುಡುಗಿಯ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡು ಇಡೀ ಪಾಠ ಮಾಡಿದೆ. ಆಟ ತರಗತಿಯಿಂದ ಎದ್ದು ಶೌಚಾಲಯದ ಹಿಂದಕ್ಕೆ ಹೋಯಿತು, ಅಷ್ಟೇ ಆದ ಫಲ. ಆಕೆಯ ಬೆಂಚಿನಲ್ಲಿ ಆಕೆ ಒಬ್ಬಳೇ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಆಸುಪಾಸಿನವರು ತಮ್ಮ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು. ಒಂದು ದಿನ ಆಕೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಟೀಚರ್ರೀ, ನಾ ಕೈಚೀಲ ಹಾಕ್ಕೊಂಡ ಬರ್ಲೇನ್ರಿ?" ಕೈಗೆ ಹಾಕಿಕೊಳ್ಳುವ ಗವಸಿಗೆ ಆಕೆ ಕೈಚೀಲ ಎಂದಿದ್ದಳು.

ಇಂಥ ಹೊತ್ತಿನಲ್ಲಿ ಈ ಪತ್ರದ ಪೀರಿಯಡ್ಡು ಬಂದದ್ದು. ಬಾಯಿಯಲ್ಲಿ ಎಷ್ಟೇ ಗೊಣಗಿದರೂ ಒಳಗೊಳಗೆ ನನಗೆ ಆಸೆ ಹುಟ್ಟಿತು. ಆಕೆಯ ಬೆಂಚಿಗೆ ಒಬ್ಬ ಗೆಳತಿ ಬಂದು ಕುಳಿತರೆ ಸಾಕು, ಮುಖ್ಯೋಪಾಧ್ಯಾಯಿನಿಯ ಫೈಲಿಗೆ ನಾನೇ ಕುಂಕುಮ ಹಚ್ಚುತ್ತೇನೆ ಎಂದುಕೊಂಡೆ.

ಪತ್ರ ಬರೆಯಿರಿ ಎಂದರೆ ಮಕ್ಕಳಿಗೆ ಪತ್ರವೇ ಗೊತ್ತಿಲ್ಲ. ಒಬ್ಬ 'ಹಾಯ್' ಎಂದು ಬರೆದು ಕೆಳಗೆ ಹೆಬ್ಬೆರಳಿನ ಚಿತ್ರ ಬಿಡಿಸಿದ, ಮುಗಿಯಿತು. ಇನ್ನೊಬ್ಬ ಪಕ್ಕದಲ್ಲೇ ಕುಳಿತ ಗೆಳೆಯನಿಗೆ 'ನೀನು ಎಲ್ಲಿದ್ದಿ' ಎಂದು ಕೇಳಿದ್ದ. ವಿಳಾಸ ಎಂದರೆ ಒಬ್ಬಳು 'ನಮ್ಮ ಮನೆಯ ಎದುರಿಗೆ' ಎಂದು ಬರೆದಳು. ನನ್ನ ತಾಯಿ ನನಗೆ ಕಲಿಸಿದ 'ತೀರ್ಥರೂಪ', 'ಚಿರಂಜೀವಿ', 'ಇತ್ತ ಎಲ್ಲ ಕ್ಷೇಮ' ಎಂಬುದನ್ನೆಲ್ಲ ಇವರಿಗೆ ಹೇಳಿ ಪ್ರಯೋಜನವಿರಲಿಲ್ಲ. ಪ್ರೀತಿಯ ಗೆಳೆಯನಿಗೆ, ಪ್ರೀತಿಯ ಗೆಳತಿಗೆ ಎಂದು ಶುರು ಮಾಡಿ, ಅವರಲ್ಲಿ ನಿಮಗೆ ಹಿಡಿಸಿದ ಒಂದು ಗುಣ ಬರೆಯಿರಿ ಎಂದೆ. ಯಾರು ಯಾರಿಗೆ ಬರೆಯಬೇಕೆಂದು ಚೀಟಿ ಎತ್ತಿಸಿದೆ. ಆ ಹುಡುಗಿಯ ಹೆಸರಿನ ಚೀಟಿ ಬಂದವನು ಅದನ್ನು ನೆಲಕ್ಕೆ ಬಿಟ್ಟು, ಕೈ ಒರೆಸಿಕೊಂಡ. ಬರೀ ಹೆಸರಿಗೆ! ನಾನು ಅವನ ಕಿವಿ ಹಿಂಡಿದೆ. ದಯೆಯ ಪೀರಿಯಡ್ಡಿನಲ್ಲಿ ಕಿವಿ ಹಿಂಡಿದ ಟೀಚರು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಆಮೇಲೆ ಆ ಹುಡುಗಿ ಶಾಲೆಗೆ ಬರುವುದು ನಿಂತಿತು. ಕಾರಣ ಹೇಳಿದವಳು ಮಾನಿಟರೇ. "ಆಕಿ ಅಪ್ಪಗ ಕಾಮಣಿ ಆಗೇತಂತ್ರಿ. ಹುಬ್ಬಳ್ಳಿ ದವಾಖಾನ್ಯಾಗ ಹಾಕ್ಯಾರಂತ. ಆಕಿ ಅವ್ವ ನಮ್ಮ ಅಂಗಡಿಗೆ ಬಂದಿದ್ರು, ಅಳಾಕತ್ತಿದ್ರು" ಎಂದಳು. ಕಾಮಾಲೆ ಜೋರಾಗಿ, ಅವ್ವ ಗಂಡನ ಜೊತೆ ಹುಬ್ಬಳ್ಳಿಯಲ್ಲಿ. ಇಲ್ಲಿ ಮನೆಯಲ್ಲಿ ಹುಡುಗಿ ಮತ್ತು ಮುದುಕಿ. ಹೇಳುವಾಗ ಮಾನಿಟರಿನ ಮುಖ ಸಣ್ಣದಾಗಿತ್ತು. ದೊಡ್ಡ ಹೆಂಗಸು ಅಳುವುದನ್ನು ಆಕೆ ಅಷ್ಟು ಹತ್ತಿರದಿಂದ ನೋಡಿರಲಿಲ್ಲವೋ ಏನೋ. ತಾನಾಗಿಯೇ ಕೇಳಿದಳು: "ಟೀಚರ್ರೀ, ಈ ಶನಿವಾರ ಎಲ್ಲಾರೂ ಆಕಿಗೇ ಬರಿಯೂಣೇನ್ರಿ?"

ಹೇಳಿಸಿಕೊಂಡದ್ದಲ್ಲ, ಬೈಸಿಕೊಂಡದ್ದಲ್ಲ. ಮಾನಿಟರಿನ ಒಳಗಿನಿಂದಲೇ ಬಂದ ಮಾತು. ನಾನು ಬೋರ್ಡಿನ ಕಡೆ ತಿರುಗಿ, ಇಲ್ಲದ ಅಕ್ಷರವನ್ನು ಒರೆಸುತ್ತ ಕಣ್ಣು ಒರೆಸಿಕೊಂಡೆ.

ಶಾಲೆಯಲ್ಲಿ ಹಾಳೆ ಇರಲಿಲ್ಲ. ಫೈಲಿನಲ್ಲಿ ದಯೆಯ ಬಗ್ಗೆ ಬರೆದಿತ್ತೇ ಹೊರತು ಹಾಳೆಯ ಬಗ್ಗೆ ಬರೆದಿರಲಿಲ್ಲ. ನನ್ನ ಯಜಮಾನರು ಬೇಲೂರಿನಲ್ಲಿ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಒಂದು ಮಗ್ಗುಲು ಛಾಪಿಸಿ ಬೇಡವಾದ ಕಾಗದದ ಕಟ್ಟನ್ನು ಅಲ್ಲಿಂದ ಕೇಳಿ ತಂದರು. ಎಲ್ಲ ಹಾಳೆಗಳಿಗೂ ಮೇಲಿನ ಮೂಲೆಯಲ್ಲಿ ಸ್ಟೇಪ್ಲರ್ ಪಿನ್ನು. ಸಂಜೆ ಟೀವಿಯ ಮುಂದೆ ಕುಳಿತು, ಪಿನ್ನಿನ ಸಮೇತ ಒಂದೊಂದೇ ಮೂಲೆಯನ್ನು ಹರಿದು ತೆಗೆದರು. "ಕೀಳಾಕ ಹೋದ್ರ ಅರ್ಧ ಒಳಗ ಉಳೀತಾವು. ಸಣ್ಣ ಹುಡುಗ್ರ ಕೈ, ಚುಚ್ಚಿಗಿಚ್ಚೀತು" ಎಂದರು. ನಾನು ಚಹ ತಂದು ಕೊಟ್ಟೆ. ಎಷ್ಟು ಒಳ್ಳೆಯ ಮನುಷ್ಯನ ಕೈ ಹಿಡಿದೆ ಎಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ಆ ಶನಿವಾರದಂಥ ಶನಿವಾರವನ್ನು ನನ್ನ ಇಡೀ ನೌಕರಿಯಲ್ಲಿ ನೋಡಿಲ್ಲ. ತರಗತಿಯಲ್ಲಿ ಪೆನ್ಸಿಲಿನ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿಲ್ಲ. ನಿಮ್ಮ ಅಪ್ಪ ಲಗೂ ಆರಾಮಾಗಲಿ ಎಂದು ಬರೆದವರೇ ಹೆಚ್ಚು. ಟೇಲರ ಮಗ, ತನ್ನ ಅಪ್ಪನಿಗೂ ಕಾಮಣಿ ಆಗಿತ್ತು, ದರ್ಗಾಕ್ಕೆ ಹೋಗಿ ಬಂದೆವು, ಗುಳಿಗೆಯನ್ನೂ ನುಂಗಿಸಿದೆವು, ಎರಡೂ ಮಾಡಿರಿ ಎಂದು ಬುದ್ಧಿ ಹೇಳಿದ್ದ. ಚೀಟಿ ಬಿಟ್ಟು ಕೈ ಒರೆಸಿಕೊಂಡಿದ್ದ ಆ ಹುಡುಗ ಹಾಳೆ ತುಂಬ ಹೂವು ಬಿಡಿಸಿ, ಬರೆಯಲು ಜಾಗ ಉಳಿಯಲಿಲ್ಲ ಎಂದ. ಮಾನಿಟರು ತನ್ನ ಪತ್ರವನ್ನು ಕೈ ಅಡ್ಡ ಹಿಡಿದು ಬರೆದಳು. ಆಮೇಲೆ ನನಗೊಬ್ಬಳಿಗೇ ತೋರಿಸಿದಳು: 'ನೀ ಸಾಲಿಗೆ ಬಾ. ನನ್ನ ಬಾಜೂಕ ಕುಂದ್ರು. ಇನ್ನ ಹತ್ತಿತು ಅನ್ನೂದಿಲ್ಲ. ಆ ಆಟ ನಾನ ಮಾಡಿದ್ದು.' ಮಾತಾಡಿದಂತೆಯೇ ಬರೆದಿದ್ದಳು. ನನ್ನ ಕೆಂಪು ಪೆನ್ನನ್ನು ನಾನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ಎಲ್ಲವನ್ನೂ ಒಂದೇ ದೊಡ್ಡ ಲಕೋಟೆಯಲ್ಲಿ ಹಾಕಿ, ಸಾಲಾಗಿ ನಡೆಸಿಕೊಂಡು ಪೋಸ್ಟ್ ಆಫೀಸಿಗೆ ಹೋದೆವು. ಕೆಂಪು ಡಬ್ಬಿಯ ಬಾಯಿಗೆ ಎಲ್ಲರದೂ ಒಂದೊಂದು ಕೈ. ಮುಖ್ಯೋಪಾಧ್ಯಾಯಿನಿ ಫೋಟೋ ತೆಗೆದರು. ನಾನೂ ನಿಂತು ನಕ್ಕೆ.

ಮಂಗಳವಾರ ಶಾಲೆ ಬಿಟ್ಟ ಮೇಲೆ, ಟಪಾಲು ಮುಟ್ಟಿರಬೇಕು, ಹುಡುಗಿಯ ಮುಖ ನೋಡಿ ಬರೋಣ ಎಂದು ಅವರ ಮನೆಯ ಕಡೆ ನಡೆದೆ. ಓಣಿಯ ತಿರುವಿನಲ್ಲೇ ಹೆಂಗಸರು ಗುಂಪುಗೂಡಿದ್ದು ಕಂಡಿತು. ಮನೆಯ ಮುಂದೆ ನೀರು ಚೆಲ್ಲಿ ರಾಡಿಯಾಗಿತ್ತು. ಕಟ್ಟೆಯ ಮೇಲೆ ಮುದುಕಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಹೊಯ್ದುಕೊಂಡು, ಎದೆ ಬಡಿದುಕೊಳ್ಳುತ್ತಿದ್ದಳು. ಬಾಗಿಲ ಪಕ್ಕದಲ್ಲಿ ಹುಡುಗಿ ನಿಂತಿದ್ದಳು. ಆಕೆಯ ತಲೆಯ ಮೇಲೂ ತಣ್ಣೀರು ಸುರಿದಿದ್ದರು, ಗಡಗಡ ನಡುಗುತ್ತಿದ್ದಳು. ಅಪ್ಪ ಹೋಗಿಬಿಟ್ಟ ಎಂದುಕೊಂಡೆ.

ಅಷ್ಟರಲ್ಲಿ ಗಟಾರದ ಅಂಚಿಗೆ ಕಣ್ಣು ಬಿತ್ತು. ಹರಿದ ಕಾಗದದ ಚೂರುಗಳು. ಒದ್ದೆಯಾಗಿ ಬಣ್ಣ ಬಿಟ್ಟುಕೊಂಡ ಹೂವುಗಳು. ನಮ್ಮ ಮಕ್ಕಳ ಅಕ್ಷರ.

ಒಂದು ಚೂರಿನ ಓರೆಯಾಗಿ ಹರಿದ ಮೂಲೆಯನ್ನು ನೋಡಿದಾಗ ನನಗೆ ನನ್ನ ತಾಯಿ ನೆನಪಾದಳು. ನಾನು ಸಣ್ಣವಳಿದ್ದಾಗ ನಮ್ಮ ಮನೆಗೆ ಟಪಾಲು ಬಂದರೆ ನನ್ನ ತಾಯಿ ಮೊದಲು ಓದುತ್ತಿರಲಿಲ್ಲ, ಮೂಲೆ ನೋಡುತ್ತಿದ್ದಳು. ಸಾವಿನ ಸುದ್ದಿಯ ಕಾಗದಕ್ಕೆ ಮೂಲೆ ಹರಿದು ಕಳಿಸುವುದು ನಮ್ಮ ಕಡೆಯ ಪದ್ಧತಿಯಾಗಿತ್ತು. ಅಂಥ ಕಾಗದವನ್ನು ಹೊಸ್ತಿಲ ಒಳಗೆ ತರುವಂತಿಲ್ಲ. ಹೊರಗೇ ನಿಂತು ತಿಳಿದುಕೊಂಡು, ಹರಿದು ಬಿಸಾಕಿ, ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು. ಇದೆಲ್ಲ ನನಗೆ ಗೊತ್ತಿತ್ತು, ನನ್ನ ಯಜಮಾನರಿಗೂ ಗೊತ್ತಿತ್ತು. ಸಾವಿನ ಸುದ್ದಿ ಫೋನಿನಲ್ಲಿ ಬರಲು ಶುರುವಾಗಿ ಎಷ್ಟು ಕಾಲವಾಯಿತು! ಟೀವಿಯ ಮುಂದೆ ಕುಳಿತು ಮೂಲೆ ಹರಿಯುವಾಗ ಇಬ್ಬರಿಗೂ ನೆನಪಾಗಲಿಲ್ಲ.

ಮುದುಕಿಗೆ ಓದಲು ಬರುತ್ತಿರಲಿಲ್ಲ, ಕಣ್ಣಿಗೆ ಪೊರೆ ಬಂದಿತ್ತು. ಹುಡುಗಿ ನಳದ ನೀರಿಗೆ ಹೋದ ಹೊತ್ತಿನಲ್ಲಿ ಟಪಾಲು ಬಂದಿತ್ತು. ಲಕೋಟೆ ಒಡೆದು ಬೆರಳಿನಿಂದ ತಡವಿ ನೋಡಿದ್ದಳು. ಒಂದು ಹಾಳೆಗೆ ಮೂಲೆ ಇಲ್ಲ. ಇನ್ನೊಂದಕ್ಕೂ ಇಲ್ಲ. ಮಗ ದವಾಖಾನೆಯಲ್ಲಿರುವಾಗ ಆ ತಾಯಿ ಬೇರೆ ಏನು ತಿಳಿಯಬೇಕು? ಹುಡುಗಿ ಕೊಡ ಹೊತ್ತು ಬರುವಷ್ಟರಲ್ಲಿ ಎಲ್ಲವನ್ನೂ ಹರಿದು ಬಿಸಾಕಿದ್ದಳು. ನನ್ನ ದನಿ ಕೇಳಿ ನನ್ನ ಸೆರಗು ಹಿಡಿದುಕೊಂಡಳು: "ಬಾಯಾರ, ನೋಡ್ರಿ, ಊರ ಮಂದಿ ಎಲ್ಲಾ ಕೂಡಿ ಬರದ ಕಳಿಸ್ಯಾರ, ನನ್ನ ಮಗ ಹ್ವಾದ ಅಂತ!"

ಪಕ್ಕದ ಮನೆಯಾಕೆ ಹುಬ್ಬಳ್ಳಿಗೆ ಮತ್ತೆ ಮತ್ತೆ ಫೋನು ಹಚ್ಚುತ್ತಿದ್ದಳು. ಕಡೆಗೊಮ್ಮೆ ಹತ್ತಿತು. ಸೊಸೆ ಎತ್ತಿ, ವಿಷಯ ತಿಳಿಯದೆ ಕಂಗಾಲಾಗಿ, ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದಳು. "ಅವ್ವಾ, ನಾ ಅದೇನಿ. ನಾನ ಮಾತಾಡಾಕತ್ತೇನಿ" ಎಂದಿತು ಒಂದು ಬತ್ತಿದ ದನಿ. ಮುದುಕಿ ಫೋನಿನ ಕಡೆ ಮುಖ ಮಾಡಿ ಕೇಳಿದಳು. ಆಮೇಲೆ, "ಅವನ ದನಿ ಹಿಂಗ ಇಲ್ಲ" ಎಂದಳು.

ನಾನು ಎಲ್ಲ ಹೇಳಿದೆ. ಮಕ್ಕಳ ಪತ್ರ, ಪ್ರೀತಿಯಿಂದ ಬರೆದದ್ದು, ಪಿನ್ನು ಚುಚ್ಚೀತೆಂದು ಮೂಲೆ ಹರಿದದ್ದು. ಹೆಂಗಸರಲ್ಲಿ ಒಬ್ಬಿಬ್ಬರು, ಹೋಗಲಿ ಬಿಡ್ರಿ, ಗಂಡಾಂತರ ಇದರಾಗ ಕಳೀತು, ಎಂದರು. ಮುದುಕಿ ಮಾತ್ರ ಹೇಳಿದಳು: "ಯಾಕ ಹರದ್ರ ಏನ್ರಿ ಬಾಯಾರ, ಹರದ ಬಂತಲ್ಲ." ಗಟಾರದ ಚೂರುಗಳನ್ನು ಆರಿಸಲು ಬಗ್ಗಿದೆ. ಯಾರೋ ನನ್ನ ಕೈ ಹಿಡಿದು ತಡೆದರು.

ಮುಂದಿನ ವಾರ ಆತ ನಿಜವಾಗಿಯೂ ತೀರಿಕೊಂಡ. ಲಿವರ್ ಪೂರಾ ಹೋಗಿತ್ತು, ತಂದದ್ದೇ ತಡವಾಯಿತು ಎಂದು ಡಾಕ್ಟರು ಹೇಳಿದರಂತೆ. ಆ ಮಾತನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ. ಡಾಕ್ಟರು ಹೇಳಿದ್ದೇ ಸರಿ ಎಂದು ನನಗೆ ಗೊತ್ತು. ಗೊತ್ತಿದ್ದು ಏನೂ ಉಪಯೋಗವಾಗಲಿಲ್ಲ.

ಸಾವಿನ ಮನೆಗೆ ಮಾತಾಡಿಸಲು ಹೋದೆ. ಬೈಯುತ್ತಾರೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಮುದುಕಿ ನನ್ನನ್ನು ಚಾಪೆಯ ಮೇಲೆ ಕೂಡಿಸಿದಳು. "ನಿಮ್ಮ ತಪ್ಪ ಅನ್ನಂಗಿಲ್ರಿ. ಟಪಾಲ ಮೊದಲ ಬಂತು, ಸಾವು ಹಿಂದಿಂದ ಬಂತು" ಎಂದಳು, ಬಸ್ಸಿನ ಸಮಾಚಾರ ಹೇಳಿದ ಹಾಗೆ. ಹುಡುಗಿಯ ಅವ್ವ ಗೋಡೆಗೆ ಆನಿಕೊಂಡು ಕುಳಿತಿದ್ದಳು. ಮನೆ ಖಾಲಿ ಮಾಡಿ ಅಣ್ಣನ ಊರಿಗೆ ಹೋಗುತ್ತೇವೆ, ಮಗಳ ಟಿ.ಸಿ. ಬೇಕು, ಸೋಮವಾರ ಬರುತ್ತೇನೆ ಎಂದಳು. ನಾನು ಇಲ್ಲೇ ಇರಿ, ಹುಡುಗಿಯ ಓದಿಗೆ ನಾನಿದ್ದೇನೆ ಎಂದೆ. ಆಕೆ ನನ್ನ ಮುಖವನ್ನೂ ನೋಡಲಿಲ್ಲ.

ಹೊರಡುವಾಗ ಹುಡುಗಿ ಅಂಗಳದ ತನಕ ಬಂದಳು. ದನಿ ತಗ್ಗಿಸಿ ಕೇಳಿದಳು. "ಟೀಚರ್ರೀ, ಅದರಾಗ ಏನ ಬರದಿದ್ರು?"

ಒಂದೂ ಓದಿರಲಿಲ್ಲ ಆಕೆ. ಆಕೆಗೆಂದೇ ಬರೆದ ಒಂದು ಅಕ್ಷರವೂ ಆಕೆಯ ಕಣ್ಣಿಗೆ ಬಿದ್ದಿರಲಿಲ್ಲ. ನೆನಪಿದ್ದಷ್ಟು ಹೇಳಿದೆ. ಮಾನಿಟರ್ ಬರೆದದ್ದನ್ನು ಹೇಳಿದಾಗ ಆಕೆಯ ತುಟಿಯ ಬಿಳಿಯ ಬದಿ ಸ್ವಲ್ಪ ಮೇಲೆದ್ದಿತು. "ಖರೇನ್ರಿ? ಬಾಜೂಕ ಕುಂದ್ರು ಅಂದ್ಲೇನ್ರಿ?" ಎಂದಳು. ಆಮೇಲೆ, "ಇನ್ನೊಮ್ಮೆ ಬರದ ಕೊಡ್ತಾಳೇನ್ರಿ? ನಾ ಆಯಿಗೆ ತೋರಸಂಗಿಲ್ಲ, ಪಾಟೀಚೀಲದಾಗ ಇಟ್ಕೊಂತೇನಿ."

ಕೊಡುತ್ತಾಳೆ, ಎಲ್ಲರೂ ಕೊಡುತ್ತಾರೆ ಎಂದು ಮಾತು ಕೊಟ್ಟೆ. ಆ ಊರಿಗೆ ಹೋದ ಮೇಲೆ ಇನ್ನೊಂದು ಶಾಲೆ, ಇನ್ನೊಂದು ಬೆಂಚು. ಕೈಯಲ್ಲಿ ಅಷ್ಟಾದರೂ ಇರಲಿ ಎನ್ನಿಸಿತು.

ದಾರಿಯಲ್ಲಿ ಅಂಗಡಿಗೆ ಹೋಗಿ ಹೊಸ ಹಾಳೆ ಕೊಂಡೆ. ನಾಲ್ಕು ಮೂಲೆಗಳೂ ಇರುವ ಹಾಳೆ. ಶನಿವಾರ ತರಗತಿಗೆ ಹೋಗುವ ಮೊದಲು ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು, ಪಾಲಕರೆಲ್ಲ ಫೋನು ಮಾಡಿ ಆ ಮೂಲೆ ಹರಿದ ಹಾಳೆಗಳ ಬಗ್ಗೆ ಕೇಳುತ್ತಿದ್ದಾರೆ, ಪೋಸ್ಟ್ ಡಬ್ಬಿಯ ಫೋಟೋ ಗ್ರೂಪಿನಿಂದ ತೆಗೆದಿದ್ದೇನೆ, ಈ ಪತ್ರದ ಚಟುವಟಿಕೆ ಸಾಕು, ಇನ್ನು ಮೇಲೆ ಗಿಡ ನೆಡೋಣ ಎಂದರು. ಗಿಡ! ನಾನು ಹಾಳೆಗಳ ಕಟ್ಟು ಎತ್ತಿಕೊಂಡು ತರಗತಿಗೆ ನಡೆದೆ.

ಹಾಳೆ ಹಂಚಿದೆ. ಆಕೆ ಸೋಮವಾರ ಬರುತ್ತಾಳೆ, ಊರು ಬಿಟ್ಟು ಹೋಗುತ್ತಿದ್ದಾಳೆ, ನೀವು ಬರೆದದ್ದನ್ನು ಓದಬೇಕಂತೆ, ಇನ್ನೊಮ್ಮೆ ಬರೆದುಕೊಡಿ ಎಂದೆ. ಯಾರೂ ಪೆನ್ಸಿಲು ಎತ್ತಲಿಲ್ಲ. ಹೂವು ಬಿಡಿಸಿದ್ದ ಹುಡುಗ ಹಾಳೆಯನ್ನು ಒಂದು ಬೆರಳಿನಿಂದ ಡೆಸ್ಕಿನ ಅಂಚಿಗೆ ಸರಿಸಿದ. ಟೇಲರ ಮಗ, "ನಮ್ಮವ್ವ ಬ್ಯಾಡ ಅಂದಾಳ್ರಿ" ಎಂದ. ಮನೆಗಳಲ್ಲಿ ಏನೇನು ಮಾತಾಡಿದ್ದಾರೆಂದು ನನಗೆ ತಿಳಿಯಿತು. ಮಾನಿಟರಿನ ಕಡೆ ನೋಡಿದೆ. ನೀನೊಬ್ಬಳು ಬರಿ ಸಾಕು, ಎರಡು ಸಾಲು ಬರಿ ಎಂದು ಬೇಡಿಕೊಂಡೆ. ಹೌದು, ಬೇಡಿಕೊಂಡೆ.

ಆಕೆ ಎದ್ದು ನಿಂತಳು. ಅತ್ತು ಅತ್ತು ಕಣ್ಣು ಊದಿದ್ದವು. "ಟೀಚರ್ರೀ, ನಾ ಬರದಿದ್ದು ಆಕಿ ಅಪ್ಪಗ ಹತ್ತಿತೇನ್ರಿ?" ಎಂದು ಕೇಳಿದಳು.

ಇಲ್ಲ ಎಂದೆ. ಹಾಗೆಲ್ಲ ಯಾವುದೂ ಹತ್ತುವುದಿಲ್ಲ ಎಂದು ದೊಡ್ಡ ದನಿಯಲ್ಲಿ ಹೇಳಿದೆ. ಆ ಬಿಳಿ ಕಲೆಗಳ ಬಗ್ಗೆಯೂ ನಾನು ಇದೇ ದನಿಯಲ್ಲಿ ಇದೇ ಮಾತು ಹೇಳಿದ್ದೆ, ಆಗಲೂ ಇವರು ಹೀಗೇ ನನ್ನನ್ನು ನೋಡುತ್ತ ಕುಳಿತಿದ್ದರು. ಆಕೆ ತಲೆಯಾಡಿಸಿ ಕೆಳಗೆ ಕುಳಿತಳು. ತನ್ನ ಬಲಗೈಯನ್ನು, ಬರೆಯುವ ಕೈಯನ್ನು, ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಗಂಟೆ ಬಾರಿಸುವ ತನಕ ಒರೆಸಿಕೊಳ್ಳುತ್ತಲೇ ಇದ್ದಳು.